ಬಚ್ಚಲ ನೀರು ಸರಿ, ಪಲ್ಪಿಂಗ್ ನೀರು?

ಪ್ರಶ್ನೆ: ಬಚ್ಚಲ ನೀರನ್ನು ಬಾಳೆ ಬುಡಕ್ಕೆ ಬಿಡುತ್ತೇವೆ. ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವ) ನೀರನ್ನೂ ಹಾಗೇ ತೋಟಕ್ಕೆ ಬಿಡಬಹುದಾ?
– ಓದುಗರು, ಮೂಡಿಗೆರೆ

ಉತ್ತರ: ಬಚ್ಚಲ ನೀರಿಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಬಾವಿಯಿಂದ ದೂರ ಇರಲಿ, ಒಂದೇ ಕಡೆ ನಿಲ್ಲದಿರಲಿ, ಸಾಕು. ಪಲ್ಪಿಂಗ್ ನೀರಿನ ಕಥೆಯೇ ಬೇರೆ. ಅದರಲ್ಲಿರುವ ಹಣ್ಣಿನ ಲೋಳೆ, ಸಕ್ಕರೆ ಎಲ್ಲ ಕೊಳೆತು ಹುಳಿಯಾಗುತ್ತದೆ, ಮಳೆ ಬಂದು ಹಳ್ಳ ಸೇರಿದರೆ ನೀರಿನ ಆಮ್ಲಜನಕ ಎಳೆದುಕೊಂಡು ಮೀನು ಸಾಯುತ್ತವೆ, ಕೆಳಗಿನ ಊರಿನವರು ಕುಡಿಯೋದೂ ಅದೇ ಹಳ್ಳದ ನೀರನ್ನೇ ಅಲ್ವಾ? ನೀರಾವರಿಗೆ ಅಂತ ನೆಲಕ್ಕೆ ಬಿಡಲೂ ಮಿತಿ ಇದೆ: ಬಿಒಡಿ (ನೀರಿನಲ್ಲಿರುವ ಕೊಳೆ ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತದೆ ಅನ್ನೋ ಅಳತೆ) ಲೀಟರಿಗೆ 100 ಮಿಲಿಗ್ರಾಂ, ಪಿಎಚ್ (ಹುಳಿ-ಕ್ಷಾರದ ಅಳತೆ) 5.5ರಿಂದ 9. ಹಳ್ಳಕ್ಕಾದರೆ ಬಿಒಡಿ 30 ಅಷ್ಟೇ. ಪಲ್ಪಿಂಗ್ ನೀರಿನಲ್ಲಿ ಅದು ಸಾವಿರಗಳಲ್ಲಿರುತ್ತದೆ. ಸುಮ್ನೆ ಸುಣ್ಣ ಸುರಿದರೆ ಹುಳಿ ಮುರಿಯುತ್ತದೆ, ಬಿಒಡಿ ಇಳಿಯಲ್ಲ. ಸಂಸ್ಕರಿಸಿಯೇ ಬಿಡಬೇಕು. ತೋಟ ನಮ್ಮದೇ ಅಂದರೂ ನಡೆಯಲ್ಲ, 1974ರ ಜಲ ಕಾಯ್ದೆ ನೆಲಕ್ಕೆ ಬಿಡುವ ಕೊಳಕಿಗೂ ಅನ್ವಯಿಸುತ್ತದೆ.