ಆ ಕಣಜಗಳನ್ನು ಒಂದೇ ಸಾಲಿನಲ್ಲಿ ಯಾಕೆ ಮುಗಿಸಿದಿರಿ?

ನಮಸ್ಕಾರ,

ಮನೆಯಲ್ಲಿ ಹುಳು ಸಾಕಿ ಚಿಟ್ಟೆ ಬಿಟ್ಟ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಲು ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಲೇಖನದಲ್ಲಿ ನಿಜವಾಗಿ ನಡೆದದ್ದು ಇಷ್ಟು. ನಿಂಬೆ ಗಿಡದಿಂದ ಆರು ಹುಳು ತಂದಿರಿ. ಒಂದು ಸತ್ತಿತು. ನಾಲ್ಕು ಚಿಟ್ಟೆಯಾದವು. ಇನ್ನೊಂದರ ಕೋಶದಿಂದ, ಅಂದರೆ ಹುಳು ಚಿಟ್ಟೆಯಾಗುವ ಮುಂಚಿನ ಪ್ಯೂಪಾದಿಂದ, ಕಣಜಗಳು ಬಂದವು. ಜೊತೆಗೆ ಯಾರೋ ಕೊಟ್ಟ ರೇಷ್ಮೆ ಗೂಡಿನಿಂದ ಒಂದು ಪತಂಗ ಬಂತು. ಇದಕ್ಕೆ ಅರ್ಧ ಲೇಖನ ಹೋಗಿದೆ, ಉಳಿದರ್ಧ ಜೀವನಪಾಠ.

ಮೊದಲು ತೆಗೆಯಬೇಕಾದ್ದು ಶುರುವಿನ ಕಥೆ. ಗೂಡಿನಿಂದ ಹೊರಬರಲು ಒದ್ದಾಡುವ ಚಿಟ್ಟೆ, ಅಯ್ಯೋ ಪಾಪ ಅಂತ ಕತ್ತರಿ ಹಿಡಿದು ದಾರಿ ಮಾಡಿಕೊಟ್ಟ ಮನುಷ್ಯ, ಕೊನೆಗೆ ಹಾರಲಾಗದೆ ತೆವಳುವ ಚಿಟ್ಟೆ. ಈ ಕಥೆ ಎಲ್ಲರ ಮೊಬೈಲಿಗೂ ಬಂದಿರುತ್ತದೆ. ಆದರೆ ನಾನು ಬೇಡ ಅನ್ನುವುದು ಅದಕ್ಕಲ್ಲ. ನಿಮ್ಮ ಕಣ್ಣೆದುರು ನಾಲ್ಕು ಚಿಟ್ಟೆ ಹೊರಬಂದಿವೆ. ಒಂದಾದರೂ ಹಾಗೆ ಒದ್ದಾಡಿತಾ? ನೀವೇ ಮುಂದೆ ಬರೆದಿದ್ದೀರಿ, ‘ಫೋನ್ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಹೊರಗೆ ಬಂದು ನೇತಾಡುತ್ತಿತ್ತು’ ಅಂತ. ಅದು ಸರಿ. ಕೋಶ ಬಿರಿದ ಮೇಲೆ ಹೊರಬರಲು ಚಿಟ್ಟೆಗೆ ಕೆಲವೇ ನಿಮಿಷ ಸಾಕು. ಕಷ್ಟ ಇರುವುದು ಆಮೇಲೆ. ರೆಕ್ಕೆ ಮುದುಡಿ ಒದ್ದೆಯಾಗಿರುತ್ತದೆ, ಹೊಟ್ಟೆ ಊದಿಕೊಂಡಿರುತ್ತದೆ, ಮೈಯೊಳಗಿನ ದ್ರವವನ್ನು ರೆಕ್ಕೆಯ ನರಗಳಿಗೆ ತಳ್ಳಿ ತಳ್ಳಿ ರೆಕ್ಕೆ ಬಿಡಿಸಬೇಕು, ಅಷ್ಟೂ ಹೊತ್ತು ರೆಕ್ಕೆ ಇಳಿಬಿಟ್ಟು ನೇತಾಡಲು ಜಾಗ ಬೇಕು. ಜಾಗ ಸಾಲದಿದ್ದರೆ ಅಥವಾ ಕಾಲು ಜಾರಿ ಬಿದ್ದು ಮತ್ತೆ ಹತ್ತಲಾಗದಿದ್ದರೆ ರೆಕ್ಕೆ ಸೊಟ್ಟಗೇ ಗಟ್ಟಿಯಾಗುತ್ತದೆ. ಮತ್ತೆ ಸರಿಹೋಗುವುದಿಲ್ಲ. ನಿಮ್ಮ ಎರಡನೇ ಚಿಟ್ಟೆ ಡಬ್ಬದ ನುಣುಪು ಗೋಡೆಯಿಂದ ಜಾರುತ್ತಿತ್ತು, ನೀವು ಒಂದು ಕಡ್ಡಿ ಒರಗಿಸಿದಿರಿ, ಅದು ಹತ್ತಿ ನಿಂತಿತು. ಸಹಾಯ ಮಾಡಿದಿರಿ, ಅದರಿಂದಲೇ ಅದು ಹಾರಿತು. ನೀವು ಕಂಡದ್ದು ಆ ಪಾಠಕ್ಕೆ ಪೂರ್ತಿ ವಿರುದ್ಧ, ಆದರೂ ಪಾಠವನ್ನೇ ನಂಬಿಬಿಟ್ಟಿರಿ. ಇದು ನನಗೆ ಬೇಸರ ತಂದಿತು.

ಇನ್ನು ಕಣಜದ ವಿಷಯ. ‘ದುರದೃಷ್ಟವಶಾತ್ ಒಂದು ಕೋಶದಿಂದ ಚಿಟ್ಟೆಯ ಬದಲು ಸಣ್ಣ ಕಣಜಗಳು ಬಂದವು, ಅದನ್ನು ನೆನೆಯಲೂ ಇಷ್ಟವಿಲ್ಲ’ ಅಂತ ಒಂದು ಸಾಲು ಬರೆದು ಮತ್ತೆ ಬಣ್ಣದ ರೆಕ್ಕೆಗೆ ಹೋಗಿದ್ದೀರಿ. ನನ್ನ ಮಟ್ಟಿಗೆ ಲೇಖನದ ಜೀವ ಇರುವುದೇ ಆ ಸಾಲಿನಲ್ಲಿ. ಹುಳು ಸಾಕುವವರು ಇವತ್ತಲ್ಲ ನಾಳೆ ಇದನ್ನು ನೋಡಿಯೇ ನೋಡುತ್ತಾರೆ. ಟ್ರೈಕೊಗ್ರಾಮಾ ಅನ್ನುವ ಕಣಜ ಎಷ್ಟು ಚಿಕ್ಕದೆಂದರೆ ಚಿಟ್ಟೆಯ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುತ್ತದೆ. ಕೋಟೀಸಿಯಾ ಜಾತಿಯವು ಎಳೆ ಹುಳುವಿನ ಮೈಗೆ ಮೊಟ್ಟೆ ಚುಚ್ಚುವಾಗ ಜೊತೆಗೊಂದು ವೈರಸ್ಸನ್ನೂ ಬಿಡುತ್ತವೆ, ಅದು ಹುಳುವಿನ ರೋಗನಿರೋಧಕ ಶಕ್ತಿಯನ್ನು ಅಡಗಿಸುತ್ತದೆ, ಕಣಜದ ಮರಿಗಳು ಒಳಗೆ ನೆಮ್ಮದಿಯಾಗಿ ಬೆಳೆಯುತ್ತವೆ. ಟೆರೊಮಾಲಸ್ ಪ್ಯೂಪಾರಮ್ ಅನ್ನುವ ಕಣಜ ಆಗಷ್ಟೇ ಪೊರೆ ಕಳಚಿ ಇನ್ನೂ ಮೆತ್ತಗಿರುವ ಕೋಶವನ್ನೇ ಆರಿಸಿಕೊಳ್ಳುತ್ತದೆ, ಒಂದೇ ಕೋಶದಿಂದ ಹತ್ತಾರು ಹೊರಬರುತ್ತವೆ. ರೇಷ್ಮೆ ಸಾಕುವವರು ಊಜಿ ನೊಣಕ್ಕೆ ಹೆದರುವುದೂ ಇಂಥದ್ದೇ ಕಾರಣಕ್ಕೆ.

ನೀವು ಒಬ್ಬರೇ ಇದನ್ನು ಕಂಡು ಕಂಗಾಲಾದವರಲ್ಲ. ಡಾರ್ವಿನ್ 1860ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಅವರಿಗೆ ಬರೆದ ಪತ್ರದಲ್ಲಿ, ಹುಳುಗಳನ್ನು ಬದುಕಿದ್ದಂತೆಯೇ ಒಳಗಿನಿಂದ ತಿನ್ನುವ ಕಣಜಗಳನ್ನು ದಯಾಮಯನಾದ ದೇವರು ಬೇಕೆಂದೇ ಸೃಷ್ಟಿಸಿದ ಅಂತ ನಂಬಲು ತನ್ನಿಂದ ಆಗುತ್ತಿಲ್ಲ ಎಂದಿದ್ದರು. ಅವರಿಗಿಂತ ಬಹಳ ಮೊದಲು ಜರ್ಮನಿಯ ಚಿತ್ರಕಾರ್ತಿ ಮರಿಯಾ ಸಿಬಿಲ್ಲಾ ಮೇರಿಯನ್ ಇದ್ದರು. ಇವರ ಬಗ್ಗೆ ನೀವು ಓದಲೇಬೇಕು. ಹದಿಮೂರನೇ ವಯಸ್ಸಿಗೆ ರೇಷ್ಮೆಹುಳು ಸಾಕಲು ಶುರು ಮಾಡಿದವರು, ಆಮೇಲೆ ಸಿಕ್ಕ ಸಿಕ್ಕ ಹುಳುಗಳನ್ನೆಲ್ಲ ಮನೆಗೆ ತಂದು ಸಾಕಿ, ಯಾವ ಹುಳು ಯಾವ ಗಿಡ ತಿನ್ನುತ್ತದೆ, ಯಾವ ಕೋಶದಿಂದ ಏನು ಬರುತ್ತದೆ ಅಂತ ನೋಡಿ ನೋಡಿ ಚಿತ್ರ ಬರೆದು 1679ರಲ್ಲಿ ಪುಸ್ತಕ ಮಾಡಿದರು. ಕೆಸರಿನಿಂದ, ಕೊಳೆತದ್ದರಿಂದ ಹುಳು ತಾನಾಗಿ ಹುಟ್ಟುತ್ತದೆ ಅಂತ ಜನ ಇನ್ನೂ ನಂಬಿದ್ದ ಕಾಲ ಅದು. ಕಾದು ಕೂತ ಕೋಶದಿಂದ ಚಿಟ್ಟೆಯ ಬದಲು ನೊಣವೋ ಕಣಜವೋ ಬಂದಾಗ ಮೇರಿಯನ್ ಅದನ್ನೂ ಬರೆದಿಟ್ಟರು, ಅದರ ಚಿತ್ರವನ್ನೂ ಬಿಡಿಸಿದರು. ನೀವೂ ಅಷ್ಟು ಮಾಡಿ ಸಾಕು.

ಲೇಖನ ಅಲ್ಲಿಂದಲೇ ಶುರುವಾದರೂ ನನಗೆ ಒಪ್ಪಿಗೆ. ಆ ಕೋಶ ಬೇರೆಯವುಗಳಿಗಿಂತ ಮೊದಲೇ ಕಪ್ಪಾಗಿತ್ತಾ? ಮುಟ್ಟಿದರೆ ಅಲುಗಾಡುತ್ತಿತ್ತಾ? ಕಣಜಗಳು ಒಂದೇ ತೂತಿನಿಂದ ಬಂದವಾ, ಬೇರೆ ಬೇರೆ ಕಡೆಯಿಂದಲಾ? ಆಮೇಲೆ ಅವುಗಳನ್ನು ಏನು ಮಾಡಿದಿರಿ? ಕೊಂದಿದ್ದರೆ ಕೊಂದೆ ಅಂತ ಬರೆಯಿರಿ, ಕಿಟಕಿ ತೆಗೆದು ಬಿಟ್ಟಿದ್ದರೆ ಯಾಕೆ ಬಿಟ್ಟೆ ಅಂತ ಬರೆಯಿರಿ. ಎರಡರಲ್ಲಿ ಯಾವುದಾದರೂ ಓದುಗರು ನಿಮ್ಮ ಜೊತೆ ನಿಲ್ಲುತ್ತಾರೆ.

ನಿಮಗೆ ನೋಡಲು ಬರುತ್ತದೆ ಅನ್ನುವುದಕ್ಕೆ ಲೇಖನದಲ್ಲೇ ಸಾಕ್ಷಿ ಇದೆ. ಪೊರೆ ಕಳಚುವ ಭಾಗ ನನಗೆ ಬಹಳ ಹಿಡಿಸಿತು. ಹುಳು ಒಂದಿಡೀ ದಿನ ಅಲ್ಲಾಡದೆ ಕೂತಿದ್ದು, ಕತ್ತಿನ ಹತ್ತಿರ ಉಬ್ಬಿದ್ದು, ಹಳೆಯ ತಲೆಚಿಪ್ಪು ಬಾಯಿಯ ಮುಂದೆ ಜೋತಾಡಿದ್ದು, ಅದನ್ನು ಎಲೆಗೆ ಉಜ್ಜಿ ಉಜ್ಜಿ ಕೆಡವಿದ್ದು, ಆಮೇಲೆ ತಿರುಗಿ ತಾನು ಬಿಟ್ಟ ಪೊರೆಯನ್ನೇ ತಿಂದು ಚಿಪ್ಪನ್ನು ಮಾತ್ರ ಉಳಿಸಿದ್ದು. ಇಲ್ಲಿ ಒಂದೂ ವಿಶೇಷಣ ಇಲ್ಲ ನೋಡಿ. ಹೊಸ ತಲೆ ಹಳೆಯ ಚಿಪ್ಪಿನ ಹಿಂದೆ ತಯಾರಾಗುವುದರಿಂದಲೇ ಕತ್ತು ಹಾಗೆ ಉಬ್ಬುವುದು, ಅದೊಂದು ಸಾಲು ಸೇರಿಸಿ. ಆದರೆ ಮುಂದಿನ ಪುಟದಲ್ಲೇ ‘ಪ್ರಕೃತಿಯ ಅದ್ಭುತ ಕುಂಚ’, ‘ವರ್ಣಲೋಕದ ದೂತ’ ಅಂತೆಲ್ಲ ಬರುತ್ತದೆ. ಸುಮ್ನೆ ತೆಗೆದುಬಿಡಿ. ಹಕ್ಕಿ ಹಿಕ್ಕೆಯಂತೆ ಕಾಣುತ್ತಿದ್ದ ಕಂದು ಬಿಳಿ ಹುಳು ತನ್ನ ಕೊನೆಯ ಹಂತಕ್ಕೆ ಬರುವಾಗ ಪೊರೆ ಕಳಚಿ ಹಸಿರಾಗಿದ್ದನ್ನು ನೀವು ನೋಡಿದ್ದೀರಿ, ಅದಕ್ಕಿಂತ ಜಾಸ್ತಿ ಏನು ಬೇಕು?

ಈಗ ತಪ್ಪುಗಳು. ಇವನ್ನು ತಿದ್ದದೆ ಲೇಖನ ಮುಂದೆ ಹೋಗುವುದಿಲ್ಲ, ಯಾಕೆಂದರೆ ಓದಿದವರು ನಾಳೆಯೇ ಹಾಗೆ ಮಾಡುತ್ತಾರೆ.

ನಿಂಬೆ ಚಿಟ್ಟೆಯ ಹುಳು ‘ಗೂಡು ನೇಯ್ದಿತು’ ಅಂತ ಬರೆದಿದ್ದೀರಿ. ನೇಯುವುದಿಲ್ಲ. ಬಾಲದ ತುದಿಯನ್ನು ಒಂದು ರೇಷ್ಮೆ ಗುಬುಟಿಗೆ ಸಿಕ್ಕಿಸಿ, ಸೊಂಟಕ್ಕೊಂದು ಎಳೆ ಕಟ್ಟಿಕೊಂಡು ಒರಗಿ ನಿಲ್ಲುತ್ತದೆ, ಕೊನೆಯ ಸಲ ಪೊರೆ ಕಳಚಿದಾಗ ಕೋಶ ಒಳಗಿನಿಂದಲೇ ಕಾಣಿಸುತ್ತದೆ. ಗೂಡು ಕಟ್ಟಿದ್ದು ನಿಮ್ಮ ರೇಷ್ಮೆಹುಳು. ಕೆಣಕಿದಾಗ ಹೊರಬಂದ ಕವಲು ಕವಲಾದ ಕಿತ್ತಳೆ ಅಂಗ ನಾಲಿಗೆಯೂ ಅಲ್ಲ. ಅದು ತಲೆಯ ಹಿಂದಿನಿಂದ ಬರುತ್ತದೆ, ವಾಸನೆ ಬೀರಿ ವೈರಿಗಳನ್ನು ಓಡಿಸುತ್ತದೆ. ಚಿಟ್ಟೆ ಹೊರಬಂದ ಮೇಲೆ ಬಿದ್ದ ಕೆಂಚು ಹನಿ ರಕ್ತವಲ್ಲ, ಕೋಶದೊಳಗಿದ್ದಾಗ ಸೇರಿಕೊಂಡ ಕಲ್ಮಶ.

‘ಪತಂಗ ನಾನು ಕೊಟ್ಟ ಸಕ್ಕರೆ ನೀರು ಮುಟ್ಟದೆ ಮುನಿಸಿಕೊಂಡು ಪ್ರಾಣ ಬಿಟ್ಟಿತು’ ಅನ್ನುವ ಸಾಲು ಓದಿ ನಿಮ್ಮ ಬಗ್ಗೆ ಕನಿಕರ ಆಯಿತು. ರೇಷ್ಮೆ ಪತಂಗ ಏನೂ ತಿನ್ನುವುದಿಲ್ಲ, ಅದರ ಬಾಯಿ ಕೆಲಸಕ್ಕೇ ಬಾರದ್ದು. ಹುಳುವಾಗಿದ್ದಾಗ ತಿಂದು ಕೂಡಿಟ್ಟ ಕೊಬ್ಬಿನಲ್ಲೇ ಕೆಲವು ದಿನ ಬದುಕುತ್ತದೆ. ಅಟ್ಲಾಸ್ ಪತಂಗದ್ದೂ ಇದೇ ಕಥೆ. ನಿಮ್ಮದು ಆಯಸ್ಸು ಮುಗಿದು ಸತ್ತದ್ದು, ನಿಮ್ಮ ತಪ್ಪಿಲ್ಲ.

ಕೋಶದೊಳಗೆ ‘ಹುಳು ಪೂರ್ತಿ ಕರಗಿ ನೀರಾಗುತ್ತದೆ, ಹಳೆಯದೇನೂ ಉಳಿಯುವುದಿಲ್ಲ’ ಅನ್ನುವುದೂ ಸರಿಯಲ್ಲ. ಬಹಳಷ್ಟು ಅಂಗಾಂಶ ಒಡೆಯುತ್ತದೆ, ನಿಜ. ಆದರೆ ರೆಕ್ಕೆಯ ಮೊಳಕೆಗಳು ಹುಳುವಿನ ಮೈಯಲ್ಲಿ ಮೊದಲೇ ಇರುತ್ತವೆ. ಉಸಿರಾಟದ ಕೊಳವೆಗಳು ಕೋಶದೊಳಗೂ ಇರುವುದನ್ನು 2013ರಲ್ಲಿ ಬದುಕಿರುವ ಕೋಶಗಳ ಸಿ.ಟಿ. ಸ್ಕ್ಯಾನ್ ಮಾಡಿದವರು ತೋರಿಸಿದರು. ಇನ್ನೂ ಸ್ವಾರಸ್ಯದ ವಿಷಯ 2008ರದ್ದು. ತಂಬಾಕು ಗಿಡ ತಿನ್ನುವ, ಹಾಕ್ ಮಾತ್ ಅನ್ನುವ ಒಂದು ಬಗೆಯ ಪತಂಗದ ಹುಳುಗಳಿಗೆ ಕೊನೆಯ ಹಂತದಲ್ಲಿ ಒಂದು ವಾಸನೆಯ ಜೊತೆ ಸಣ್ಣ ಶಾಕ್ ಕೊಟ್ಟು ನೋಡಿದರು, ಅವು ಪತಂಗಗಳಾದ ಮೇಲೂ ಆ ವಾಸನೆಯಿಂದ ದೂರ ಸರಿದವು. ನಿಮ್ಮ ‘ಹೊಸ ಜನ್ಮ’ದ ಪ್ಯಾರಾ ಬದಲು ಇದನ್ನು ಹಾಕಿ.

ಮಕ್ಕಳಿಗೆ ‘ಯಾವ ಹುಳುವಾದರೂ ಧೈರ್ಯವಾಗಿ ಮುಟ್ಟಿ’ ಅಂತ ಹೇಳಿರುವ ಸಾಲಿಗೆ ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಎಷ್ಟೋ ಕಂಬಳಿಹುಳುಗಳ ಕೂದಲು ಚರ್ಮಕ್ಕೆ ಚುಚ್ಚಿದರೆ ತುರಿಕೆ, ಉರಿ, ಬೊಕ್ಕೆ. ಖಾಲಿ ಗೂಡಿನಲ್ಲೂ ಆ ಕೂದಲು ಇರುತ್ತದೆ. ಕಣ್ಣಿಗೆ ಹೋದರೆ ನೇರ ಡಾಕ್ಟರ್ ಹತ್ತಿರ ಹೋಗಬೇಕು. ಗುರುತು ಸಿಗದ ಹುಳುವನ್ನು ಎಲೆಯ ಸಮೇತ ಎತ್ತಿ ಅಂತ ಬರೆಯಿರಿ.

ಮುಚ್ಚಳಕ್ಕೆ ತೂತು ಹೊಡೆದ ಗಾಜಿನ ಬಾಟಲಿಯೂ ಬೇಡ. ಒಳಗೆ ತೇವ ಕೂತು ಹಿಕ್ಕೆಗೆ ಬೂಷ್ಟು ಹಿಡಿಯುತ್ತದೆ, ಬಿಸಿಲು ಬಿದ್ದರೆ ಹುಳು ಬೆಂದೇ ಹೋಗುತ್ತದೆ. ಬಲೆಬಟ್ಟೆ ಕಟ್ಟಿದ ಅಗಲವಾದ ಡಬ್ಬ, ದಿನಾ ಹಿಕ್ಕೆ ತೆಗೆಯುವುದು, ಅದೇ ಜಾತಿಯ ಗಿಡದ ತಾಜಾ ಎಲೆ. ಕೊಂಬೆಯನ್ನು ನೀರಿನ ಬಾಟಲಿಯಲ್ಲಿಟ್ಟರೆ ಅದರ ಬಾಯಿಗೆ ಹತ್ತಿ ತುರುಕಿ, ಇಲ್ಲದಿದ್ದರೆ ಹುಳು ಇಳಿದು ಮುಳುಗುತ್ತದೆ. ನಿಮ್ಮ ಒಂದು ಹುಳು ಸತ್ತಿದ್ದು ಹೊಸದಾಗಿ ಕೊಂಡ ಗಿಡದ ಎಲೆ ಹಾಕಿದ ಮರುದಿನ. ಔಷಧಿ ಹೊಡೆದ ಗಿಡವಾಗಿರಬಹುದು, ಕೆಲವು ಕೀಟನಾಶಕ ಗಿಡದ ರಸದಲ್ಲೇ ಸೇರಿಕೊಂಡಿರುತ್ತದೆ, ತೊಳೆದರೂ ಹೋಗುವುದಿಲ್ಲ. ಈ ಅನುಮಾನವನ್ನು ಲೇಖನದಲ್ಲಿ ಹೇಳಿ, ಒಬ್ಬರಿಗಾದರೂ ಉಪಯೋಗಕ್ಕೆ ಬರುತ್ತದೆ.

ಕೊನೆಯ ಪುಟದಲ್ಲಿ ಎಲ್ಲರೂ ಸಾಕಿ ಬಿಟ್ಟರೆ ಚಿಟ್ಟೆಗಳ ಸಂತತಿ ಉಳಿಯುತ್ತದೆ ಅಂದಿದ್ದೀರಿ. ವಿಷಯ ಅಷ್ಟು ಸಲೀಸಲ್ಲ. ದೂರದೂರ ವಲಸೆ ಹೋಗುವ ಅಮೆರಿಕದ ಮೊನಾರ್ಕ್ ಚಿಟ್ಟೆಗಳ ಬಗ್ಗೆ 2019ರ ಒಂದು ಅಧ್ಯಯನದಲ್ಲಿ ಒಳಾಂಗಣದಲ್ಲಿ ಬೆಳೆದವು ವಲಸೆಯ ದಿಕ್ಕು ಹಿಡಿಯಲಿಲ್ಲ, 2021ರ ಇನ್ನೊಂದರಲ್ಲಿ ಹೊರಗೆ ಬಿಟ್ಟ ಮೇಲೆ ಬಹುತೇಕ ಚಿಟ್ಟೆಗಳು ದಾರಿ ಕಂಡುಕೊಂಡವು. ಒಂದೇ ಡಬ್ಬದಲ್ಲಿ ಗುಂಪಾಗಿ ಸಾಕಿದರೆ ರೋಗ ಹರಡುವ ಅಪಾಯವಂತೂ ಇದ್ದೇ ಇದೆ. ಹುಳು ತಿನ್ನುವ ಗಿಡ ನೆಟ್ಟು, ಔಷಧಿ ಹೊಡೆಯದೆ ಬಿಟ್ಟರೆ ಹೆಚ್ಚು ಉಪಯೋಗ. ನಾಲ್ಕಾರು ಹುಳು ಸಾಕುವುದು ನೋಡಿ ಕಲಿಯಲಿಕ್ಕೆ, ಅದೇನು ಸಣ್ಣ ಕಾರಣ ಅಲ್ಲ ಅಲ್ವಾ?

ತಿದ್ದುವಾಗ ದಿನಚರಿ ಪುಸ್ತಕ ಎದುರಿಗಿಟ್ಟುಕೊಳ್ಳಿ, ಹಳೆಯ ಲೇಖನವನ್ನಲ್ಲ. ಅರ್ಧ ಉದ್ದ ಸಾಕು. ಫೋಟೋಗಳ ಕೆಳಗೆ ತಾರೀಕು ಹಾಕಿ.

ಹಾಂ, ಫೋಟೋ ಅಂದಾಗ ನೆನಪಾಯಿತು. ‘ಹೊಸ ಅತಿಥಿ’ ಅಂತ ಕೊನೆಗೆ ಹಾಕಿರುವ ಹುಳು ಇನ್ನೂ ನಿಮ್ಮ ಹತ್ತಿರ ಇದೆಯಾ? ಅದು ಕೂತಿರುವುದು ಕಣಗಿಲೆ ಎಲೆಯ ಮೇಲೆ, ತಲೆಯ ಹತ್ತಿರ ನೀಲಿ ಕಣ್ಣಿನಂಥ ಎರಡು ಬೊಟ್ಟು, ಹಿಂಬದಿಯಲ್ಲಿ ಗಿಡ್ಡ ಕೊಂಬು. ಅದು ಕಣಗಿಲೆಯ ಹಾಕ್ ಮಾತ್, ಪತಂಗ. ನಿಂಬೆ ಚಿಟ್ಟೆಯ ಹುಳುವಿನ ಹಾಗೆ ಕಡ್ಡಿಗೆ ಕಟ್ಟಿಕೊಳ್ಳುವುದಿಲ್ಲ, ನೆಲಕ್ಕಿಳಿದು ಕಸಕಡ್ಡಿಯ ಮರೆಯಲ್ಲಿ ಕೋಶವಾಗುತ್ತದೆ. ಹಸಿರು ಮೈ ಕಂದು ಬಣ್ಣಕ್ಕೆ ತಿರುಗಿ ಅತ್ತಿತ್ತ ಓಡಾಡಲು ಶುರು ಮಾಡಿದರೆ ಹೊತ್ತು ಹತ್ತಿರ ಬಂತು ಅಂತ. ಡಬ್ಬದ ತಳಕ್ಕೆ ಸಡಿಲ ಮಣ್ಣು, ಮೇಲೊಂದಿಷ್ಟು ಒಣ ಎಲೆ ಇವತ್ತೇ ಹಾಕಿಬಿಡಿ. ಕಣಗಿಲೆ ವಿಷದ ಗಿಡ, ಎಲೆ ಮುಟ್ಟಿದ ಮೇಲೆ ಕೈ ತೊಳೆಯಿರಿ.