ನಮ್ಮೂರಿಗೇ ಬರದ ಕೇಬಲ್ ಕಂಪನಿ ನಮಗ್ಯಾಕೆ ಜಾಹೀರಾತು ತೋರಿಸುತ್ತದೆ?

ಪ್ರಶ್ನೆ: ನಾಲ್ಕು ವರ್ಷದಿಂದ ಅಮೆರಿಕದ ಫೀನಿಕ್ಸ್‌ನಲ್ಲಿದ್ದೇನೆ. ನಮ್ಮ ಬಡಾವಣೆಗೆ ಬರುವ ಕೇಬಲ್ ಕಂಪನಿ ಒಂದೇ, ಕಾಕ್ಸ್. ಆದರೆ ಭಾನುವಾರ ರಾತ್ರಿ ಎನ್‌ಬಿಸಿಯಲ್ಲಿ ಫುಟ್‌ಬಾಲ್ ನೋಡಲು ಕೂತರೆ ಎಕ್ಸ್‌ಫಿನಿಟಿ ಅನ್ನುವ ಬೇರೆ ಕೇಬಲ್ ಸೇವೆಯ ಜಾಹೀರಾತು ಮೇಲಿಂದ ಮೇಲೆ ಬರುತ್ತದೆ. ಒಮ್ಮೆ ಕುತೂಹಲಕ್ಕೆ ಅವರ ಸೈಟಿಗೆ ಹೋಗಿ ನಮ್ಮ ವಿಳಾಸ ಹಾಕಿದೆ. ಇಲ್ಲಿ ನಮ್ಮ ಸೇವೆ ಇಲ್ಲ ಅಂತ ಉತ್ತರ ಬಂತು. ನಾನು ಬೇಕೆಂದರೂ ಕೊಳ್ಳಲಾಗದ್ದನ್ನು ನನಗೆ ಮಾರುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಅಲ್ವಾ?

ಉತ್ತರ: ಒಂದಿಷ್ಟು ಹುಣಸೆಹಣ್ಣು ಹೊಳೆಗೆ ಹೋಗುವುದು ನಿಜ. ಆದರೆ ಎಷ್ಟು ಹೋಗುತ್ತದೆ ಅನ್ನುವುದು ಅವರಿಗೆ ಮೊದಲೇ ಗೊತ್ತು. ಅದನ್ನು ಕಳೆದ ಮೇಲೂ ಲೆಕ್ಕ ಗಿಟ್ಟುತ್ತದೆ ಅನ್ನಿಸಿದ್ದರಿಂದಲೇ ಆ ಜಾಹೀರಾತು ನಿಮ್ಮ ಮನೆಗೆ ಬಂದಿದೆ.

ಮೊದಲು ಈ ಕಂಪನಿಗಳು ಎಷ್ಟರಮಟ್ಟಿಗೆ 'ಪ್ರಾದೇಶಿಕ' ಅಂತ ನೋಡೋಣ. ಅಮೆರಿಕದಲ್ಲಿ ಕೇಬಲ್ ಹುಟ್ಟಿದ್ದು 1940ರ ದಶಕದ ಕೊನೆಯಲ್ಲಿ, ಪೆನ್ಸಿಲ್ವೇನಿಯಾ, ಆರೆಗಾನ್ ಕಡೆಯ ಸಣ್ಣ ಊರುಗಳಲ್ಲಿ. ಟೀವಿ ಸಿಗ್ನಲ್ ಸರಿಯಾಗಿ ಸಿಗದ ಕಡೆ ಯಾರೋ ಒಬ್ಬರು ಎತ್ತರದ ಜಾಗದಲ್ಲಿ ಆಂಟೆನಾ ನೆಟ್ಟು, ಅಲ್ಲಿಂದ ಮನೆಮನೆಗೆ ತಂತಿ ಎಳೆದರು. ತಂತಿ ಎಳೆಯಲು ಊರಿನ ಆಡಳಿತದ ಅನುಮತಿ ಬೇಕಿತ್ತು. ಒಂದೊಂದು ಊರು ಒಬ್ಬೊಬ್ಬರಿಗೆ ಅನುಮತಿ ಕೊಟ್ಟಿತು. ಒಬ್ಬರಿಗೇ ಬರೆದುಕೊಡುವ ಪದ್ಧತಿಯನ್ನು 1992ರ ಕಾನೂನು ನಿಷೇಧಿಸಿತು. ಆದರೂ ಈಗಾಗಲೇ ಒಂದು ತಂತಿ ಇರುವ ಬೀದಿಯಲ್ಲಿ ಇನ್ನೊಂದು ಎಳೆಯುವ ಖರ್ಚಿದೆಯಲ್ಲ, ಅದಕ್ಕೆ ಹೆದರಿ ಬಹಳ ಕಡೆ ಎರಡನೆಯ ಕೇಬಲ್ ಕಂಪನಿ ಬರಲೇ ಇಲ್ಲ. ಹಾಗಾಗಿ ನಕ್ಷೆ ಇವತ್ತಿಗೂ ಕೌದಿಯ ಹಾಗೆ ತುಂಡು ತುಂಡಾಗಿದೆ.

ಆದರೆ ಆ ತುಂಡುಗಳೆಲ್ಲ ಈಗ ಕೆಲವೇ ಕೈಗಳಲ್ಲಿವೆ. 2002ರಲ್ಲಿ ಕಾಮ್‌ಕಾಸ್ಟ್, ಎಟಿ ಆ್ಯಂಡ್ ಟಿಯ ಕೇಬಲ್ ವ್ಯವಹಾರವನ್ನು ಕೊಂಡಿತು. 2016ರಲ್ಲಿ ಚಾರ್ಟರ್, ಟೈಮ್ ವಾರ್ನರ್ ಕೇಬಲ್ ಮತ್ತು ಬ್ರೈಟ್ ಹೌಸ್ ಎರಡನ್ನೂ ಒಟ್ಟಿಗೇ ನುಂಗಿತು. ನೀವು ನೋಡಿದ ಎಕ್ಸ್‌ಫಿನಿಟಿ ಕಾಮ್‌ಕಾಸ್ಟ್‌ನದೇ ಹೆಸರು. ಆ ಕಂಪನಿಯ ತಂತಿ ಇವತ್ತು 6 ಕೋಟಿಗೂ ಜಾಸ್ತಿ ಮನೆ, ಅಂಗಡಿ, ಕಚೇರಿಗಳ ಬಾಗಿಲ ಮುಂದೆ ಹಾದುಹೋಗುತ್ತದೆ. ಇಡೀ ದೇಶದಲ್ಲಿರುವ ಸಂಸಾರಗಳು 13 ಕೋಟಿ ಆಸುಪಾಸು. ಅಂದರೆ ಹತ್ತಿರ ಹತ್ತಿರ ಅರ್ಧ ದೇಶ. ನಿಮ್ಮ ಅರಿಜೋನಾದಲ್ಲೇ ಟೂಸಾನ್ ಕಡೆ ಕಾಮ್‌ಕಾಸ್ಟ್ ಇದೆ. ಫೀನಿಕ್ಸ್‌ನಲ್ಲಿ ಕೂತವರಿಗೆ ಅದು ಬೇರೆ ಊರಿನ ಕಂಪನಿ ಅನ್ನಿಸುವುದು ಸಹಜ, ಅಷ್ಟೇ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಟೀವಿ ಸಮಯವನ್ನು ಕೊಳ್ಳುವವರು ಎಷ್ಟು ಕೊಟ್ಟೆವು ಅನ್ನುವುದಕ್ಕಿಂತ ಸಾವಿರ ನೋಡುಗರಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ ಇಡೀ ದೇಶಕ್ಕೆ ಒಟ್ಟಿಗೆ ಕೊಂಡರೆ ತಲೆಗೆ ಬೀಳುವ ದರ ಕಡಿಮೆ, ಊರೂರು ಲೆಕ್ಕದಲ್ಲಿ ಬಿಡಿಬಿಡಿಯಾಗಿ ಕೊಂಡರೆ ಜಾಸ್ತಿ. ಸಗಟು, ಚಿಲ್ಲರೆ ಇದ್ದ ಹಾಗೆ. ಲೆಕ್ಕ ಸುಲಭವಾಗಲಿ ಅಂತ ನಾನೇ ಸಂಖ್ಯೆ ಇಟ್ಟುಕೊಂಡು ಹೇಳುತ್ತೇನೆ: ರಾಷ್ಟ್ರೀಯ ಜಾಹೀರಾತಿಗೆ ಸಾವಿರ ನೋಡುಗರಿಗೆ 10 ಡಾಲರ್, ಸ್ಥಳೀಯ ಜಾಹೀರಾತಿಗೆ 30 ಡಾಲರ್ ಅಂದುಕೊಳ್ಳಿ. ರಾಷ್ಟ್ರೀಯದಲ್ಲಿ ನೋಡುವವರ ಪೈಕಿ 40 ಶೇಕಡಾ ಜನರಿಗೆ ಮಾತ್ರ ಕಂಪನಿಯ ಸೇವೆ ಸಿಗುತ್ತದೆ. ಉಳಿದ 60 ಶೇಕಡಾ ನಿಮ್ಮಂಥವರು, ಪೂರ್ತಿ ದಂಡ. ಆಗ ಕೆಲಸಕ್ಕೆ ಬರುವ ಸಾವಿರ ನೋಡುಗರಿಗೆ ಬಿದ್ದದ್ದು 25 ಡಾಲರ್. 30ಕ್ಕಿಂತ ಇದೇ ಅಗ್ಗ! ಅದೇ ಕಂಪನಿ ದೇಶದ ಹತ್ತು ಶೇಕಡಾ ಮನೆಗಳಿಗೆ ಮಾತ್ರ ಸೇವೆ ಕೊಡುವುದಾದರೆ ಅದೇ ಸಾವಿರಕ್ಕೆ 100 ಡಾಲರ್ ಬೀಳುತ್ತದೆ, ಆಗ ಅದು ನಿಜಕ್ಕೂ ಹುಚ್ಚಾಟ. ಹಾಗಾಗಿಯೇ ಇಡೀ ದೇಶಕ್ಕೆ ಹೋಗುವ ಪಂದ್ಯಗಳಲ್ಲಿ ನಿಮಗೆ ಎಕ್ಸ್‌ಫಿನಿಟಿ, ಚಾರ್ಟರ್ ಕಂಪನಿಯ ಸ್ಪೆಕ್ಟ್ರಮ್ ಕಾಣುತ್ತವೆಯೇ ಹೊರತು ಎರಡು ಜಿಲ್ಲೆಗೆ ಸೀಮಿತವಾದ ಸಣ್ಣ ಕಂಪನಿಗಳಲ್ಲ.

ಸ್ಥಳೀಯವಾಗಿ ಕೊಂಡರೂ ದಂಡ ಪೂರ್ತಿ ತಪ್ಪುವುದಿಲ್ಲ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಟೀವಿ ನೋಡುಗರ ಲೆಕ್ಕ ಇಡುವ ನೀಲ್ಸನ್ ಕಂಪನಿ ಅಮೆರಿಕವನ್ನು 210 ಟೀವಿ ಮಾರುಕಟ್ಟೆಗಳಾಗಿ ಹಂಚಿದೆ. ಊರಿನ ಸ್ಟೇಷನ್ನುಗಳಲ್ಲಿ ಸಮಯ ಕೊಳ್ಳುವುದು ಈ ಲೆಕ್ಕದಲ್ಲೇ. ಆದರೆ ಕೇಬಲ್ ತಂತಿ ಈ ಗಡಿ ನೋಡಿಕೊಂಡು ಹೋಗಿಲ್ಲ. ನ್ಯೂಯಾರ್ಕ್ ಮಾರುಕಟ್ಟೆಯನ್ನೇ ತೆಗೆದುಕೊಳ್ಳಿ. ಮ್ಯಾನ್‌ಹ್ಯಾಟನ್, ಕ್ವೀನ್ಸ್ ಕಡೆ ಸ್ಪೆಕ್ಟ್ರಮ್. ಬ್ರಾಂಕ್ಸ್, ಲಾಂಗ್ ಐಲೆಂಡ್ ಕಡೆ ಆಪ್ಟಿಮಮ್. ನದಿ ದಾಟಿ ನ್ಯೂಜೆರ್ಸಿಗೆ ಹೋದರೆ ಕೆಲವು ಊರುಗಳಲ್ಲಿ ಕಾಮ್‌ಕಾಸ್ಟ್. ಬ್ರೂಕ್ಲಿನ್ನಿನಲ್ಲಂತೂ ನಗರದ ಆ ಒಂದೇ ವಿಭಾಗದೊಳಗೇ ಇಬ್ಬರು. ಇಷ್ಟೂ ಜನ ನೋಡುವುದು ಅದೇ ನ್ಯೂಯಾರ್ಕ್ ಸ್ಟೇಷನ್ನುಗಳನ್ನು. ಆಪ್ಟಿಮಮ್ ಅಲ್ಲಿ ಜಾಹೀರಾತು ಹಾಕಿದರೆ ಅದನ್ನು ಕೊಳ್ಳಲಾಗದ ಲಕ್ಷಾಂತರ ಜನರೂ ನೋಡಲೇಬೇಕು.

ಹಾಗಾದರೆ ಕಂಪನಿ ತನ್ನ ತಂತಿಯಲ್ಲೇ ತನ್ನ ಊರಿಗೆ ಮಾತ್ರ ಜಾಹೀರಾತು ಕಳಿಸಬಹುದಲ್ಲ ಅಂತ ಕೇಳಬಹುದು. ಕಳಿಸುತ್ತದೆ, ಧಾರಾಳವಾಗಿ ಕಳಿಸುತ್ತದೆ. ಇಎಸ್‌ಪಿಎನ್, ಸಿಎನ್‌ಎನ್ ತರಹದ ಚಾನೆಲ್‌ಗಳು ಗಂಟೆಗೆ ಸುಮಾರು 2 ನಿಮಿಷವನ್ನು ಕೇಬಲ್ ಕಂಪನಿಗೇ ಬಿಟ್ಟುಕೊಡುತ್ತವೆ. ಆ ಸಮಯವನ್ನು ಕಂಪನಿ ಮಾರಿಕೊಳ್ಳಬಹುದು ಅಥವಾ ತಾನೇ ಬಳಸಬಹುದು. ತೊಂದರೆ ಏನೆಂದರೆ, ಆ ಜಾಹೀರಾತು ತಲುಪುವುದು ಅದೇ ತಂತಿ ಇರುವ ಮನೆಗಳಿಗೆ. ಅಂದರೆ ಈಗಾಗಲೇ ಗಿರಾಕಿಗಳಾದವರಿಗೆ! ಪಕ್ಕದ ಮನೆಯ ಮಾಳಿಗೆಯ ಮೇಲೆ ಡಿಶ್ ಇದೆ, ಡೈರೆಕ್‌ಟೀವಿಯದೋ ಡಿಶ್ ನೆಟ್‌ವರ್ಕಿನದೋ. ಅದಕ್ಕೂ ಆಚೆಯ ಮನೆಯವರು ಕೇಬಲ್ ಕಿತ್ತುಹಾಕಿ ಬರೀ ಆಂಟೆನಾದಲ್ಲಿ ಪಂದ್ಯ ನೋಡುತ್ತಾರೆ. ಕಂಪನಿಗೆ ಬೇಕಿರುವುದು ಈ ಎರಡು ಮನೆ. ಈ ಎರಡಕ್ಕೂ ಅದರ ತಂತಿ ಮುಟ್ಟುವುದಿಲ್ಲ. ಮುಟ್ಟಬೇಕೆಂದರೆ ಊರಿನ ಸ್ಟೇಷನ್ನಿನಲ್ಲಿ ಕೊಳ್ಳಬೇಕು, ಇಲ್ಲವೇ ರಾಷ್ಟ್ರೀಯ ಚಾನೆಲ್ಲಿನ ಮೂಲ ಪ್ರಸಾರದಲ್ಲೇ ಕೊಳ್ಳಬೇಕು. ನಿಮ್ಮ ಪ್ರಶ್ನೆಗೆ ನಾನು ಕೊಡುವ ಉತ್ತರ ಮುಖ್ಯವಾಗಿ ಇದೇ: ತನ್ನದಲ್ಲದ ಮನೆಯೊಳಗೆ ಹೋಗಲು ಕೇಬಲ್ ಕಂಪನಿಗೂ ಬೇರೆಯವರ ದಾರಿಯೇ ಬೇಕು. 1994ರಲ್ಲಿ ಡೈರೆಕ್‌ಟೀವಿ, 1996ರಲ್ಲಿ ಡಿಶ್ ಬಂದ ಮೇಲೆ ಈ ಅಗತ್ಯ ಜೋರಾಯಿತು. ಅವರು ಮೊದಲ ದಿನದಿಂದಲೂ ಇಡೀ ದೇಶಕ್ಕೆ ಮಾರುತ್ತಿದ್ದವರು, ಹಾಗಾಗಿ ಅವರಿಗೆ ರಾಷ್ಟ್ರೀಯ ಜಾಹೀರಾತಿನಲ್ಲಿ ದಂಡವೇ ಕಡಿಮೆ.

ನೀವು ನೋಡಿದ್ದು ಎನ್‌ಬಿಸಿಯಲ್ಲಿ ಅಂದಿರಿ. ಅದರಲ್ಲೂ ಒಂದು ಗುಟ್ಟಿದೆ. ಎನ್‌ಬಿಸಿ ಕಾಮ್‌ಕಾಸ್ಟ್‌ನದೇ. 2011ರಲ್ಲಿ 51 ಶೇಕಡಾ ಪಾಲು ಹಿಡಿಯಿತು, 2013ರಲ್ಲಿ ಉಳಿದದ್ದನ್ನೂ ಕೊಂಡಿತು. ಸ್ವಂತ ಚಾನೆಲ್, ಹಾಗಾಗಿ ಪುಕ್ಕಟೆ ಅಂತ ಜನ ಹೇಳುವುದುಂಟು. ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಭಾನುವಾರ ರಾತ್ರಿಯ ಫುಟ್‌ಬಾಲ್ ಸಮಯವನ್ನು ಕಾರು ಕಂಪನಿಯೋ ಬಿಯರ್ ಕಂಪನಿಯೋ ಒಳ್ಳೆಯ ಬೆಲೆ ಕೊಟ್ಟು ಕೊಳ್ಳಲು ಕಾಯುತ್ತಿರುವಾಗ ಅದನ್ನು ತಾನೇ ಬಳಸಿದರೆ ಆ ದುಡ್ಡು ಕೈತಪ್ಪಿದ ಹಾಗೆಯೇ. ಬಲಗೈಯಿಂದ ಎಡಗೈಗೆ ಹೋದರೂ ಲೆಕ್ಕದಲ್ಲಿ ಖರ್ಚು ಖರ್ಚೇ. ಆದರೆ ಮಾರಾಟವಾಗದೆ ಉಳಿದ ಸಮಯಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಖಾಲಿ ಬಿಡುವ ಬದಲು ಮನೆಯದೇ ಜಾಹೀರಾತು ಹಾಕುತ್ತಾರೆ.

ಇನ್ನು ಹೆಸರಿನ ವಿಷಯ. ಎಕ್ಸ್‌ಫಿನಿಟಿ ಅನ್ನುವ ಹೆಸರನ್ನು ಕಾಮ್‌ಕಾಸ್ಟ್ ತಂದದ್ದು 2010ರಲ್ಲಿ. ಆ ಕಂಪನಿಯ ಗ್ರಾಹಕ ಸೇವೆಯ ಬಗ್ಗೆ ಜನ ಬೈಯುತ್ತಿದ್ದ ಕಾಲ ಅದು. ಹೊಸ ಹೆಸರು ಹಳೆಯ ಸಿಟ್ಟನ್ನು ಮರೆಸಿತೋ ಇಲ್ಲವೋ ನೀವೇ ಹೇಳಬೇಕು. ಆದರೆ ಹೊಸ ಹೆಸರನ್ನು ಜನರ ಬಾಯಿಗೆ ತರಬೇಕೆಂದರೆ ಊರೂರಿಗೆ ಪಾಂಪ್ಲೆಟ್ ಹಂಚಿದರೆ ಆಗುವುದಿಲ್ಲ. 2015ರಿಂದ 2025ರವರೆಗೆ ನ್ಯಾಸ್ಕಾರ್ ಕಾರ್ ರೇಸಿನ ಎರಡನೆಯ ದರ್ಜೆಯ ಸರಣಿಗೇ ಎಕ್ಸ್‌ಫಿನಿಟಿ ಅಂತ ಹೆಸರಿತ್ತು. ಆ ರೇಸುಗಳು ಕಾಮ್‌ಕಾಸ್ಟ್ ಇಲ್ಲದ ಊರುಗಳಲ್ಲೂ ನಡೆದವು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ನೀವೂ ಪೂರ್ತಿ ದಂಡದ ಲೆಕ್ಕದಲ್ಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಅಮೆರಿಕದಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು 8 ಜನ ಮನೆ ಬದಲಿಸುತ್ತಾರೆ. ನಾಳೆ ಕೆಲಸದ ಮೇಲೆ ಸಿಯಾಟಲ್‌ಗೋ ಡೆನ್ವರ್‌ಗೋ ಹೋದರೆ ಅಲ್ಲಿ ಇರುವುದು ಕಾಮ್‌ಕಾಸ್ಟ್. ಮನೆ ಬದಲಿಸಿದ ವಾರವೇ ಜನ ಇಂಟರ್‌ನೆಟ್ ಯಾವುದು ಅಂತ ತೀರ್ಮಾನ ಮಾಡುವುದು, ಆಗ ಕೇಳಿದ ಹೆಸರಿಗೇ ಕೈ ಹೋಗುತ್ತದೆ. ಕಂಪನಿಗಳು ಈ ವಾರವನ್ನು ಎಷ್ಟು ಗಂಭೀರವಾಗಿ ನೋಡುತ್ತವೆ ಅಂದರೆ, ಮನೆ ಬದಲಿಸುವವರಿಗೆ ಹೊಸ ಊರಿನ ಕೇಬಲ್ ಯಾವುದು ಅಂತ ಹೇಳಲೆಂದೇ ಎಲ್ಲರೂ ಸೇರಿ ಒಂದು ಹಾಟ್‌ಲೈನ್ ನಡೆಸಿದ್ದರು. ನೀವು ಕದಲದೆ ಅಲ್ಲೇ ಇದ್ದರೂ ಕಂಪನಿಯೇ ನಿಮ್ಮ ಹತ್ತಿರ ಬರಬಹುದು. 2025ರ ಮೇ ತಿಂಗಳಲ್ಲಿ ಚಾರ್ಟರ್, ನಿಮ್ಮ ಕಾಕ್ಸನ್ನು 34.5 ಬಿಲಿಯನ್ ಡಾಲರ್ ಒಪ್ಪಂದದಲ್ಲಿ ತನ್ನೊಳಗೆ ಸೇರಿಸಿಕೊಳ್ಳುವುದಾಗಿ ಹೇಳಿತು. ಗ್ರಾಹಕರಿಗೆ ಕಾಣುವ ಹೆಸರು ಸ್ಪೆಕ್ಟ್ರಮ್ ಆಗಲಿದೆ ಅಂತ ಆಗಲೇ ಪ್ರಕಟಿಸಿತು. ಇಷ್ಟು ವರ್ಷ ಫೀನಿಕ್ಸ್ ಜನ ಸುಮ್ನೆ ನೋಡಿ ಮರೆತ ಸ್ಪೆಕ್ಟ್ರಮ್ ಜಾಹೀರಾತುಗಳು ಹೀಗೆ ತಡವಾಗಿ ಫಲ ಕೊಡುತ್ತವೆ.

ಪ್ರಶ್ನೆ: ನಮ್ಮದು ಉಲ್ಟಾ ಕಥೆ. ಷಾರ್ಲಟ್‌ನಲ್ಲಿದ್ದೇವೆ, ಮನೆಯಲ್ಲಿ ಸ್ಪೆಕ್ಟ್ರಮ್ ಕೇಬಲ್ಲೇ ಇದೆ, ತಿಂಗಳು ತಿಂಗಳು ಬಿಲ್ ಕಟ್ಟುತ್ತೇವೆ. ಆದರೂ ದಿನಕ್ಕೆ ಹತ್ತು ಸಲ ಸ್ಪೆಕ್ಟ್ರಮ್ ಜಾಹೀರಾತು. ಇದೂ ದೇಶಕ್ಕೆಲ್ಲ ಬರುತ್ತದೆಯೇ?

ಉತ್ತರ: ಹೆಚ್ಚಿನದು ಬರುವುದಿಲ್ಲ. ನೀವು ನೋಡುತ್ತಿರುವುದು ಮೇಲೆ ಹೇಳಿದ ಆ 2 ನಿಮಿಷ. ಚಾನೆಲ್ ರಾಷ್ಟ್ರೀಯ, ಜಾಹೀರಾತು ನಿಮ್ಮ ಊರಿನದು. ಅದು ಗೊತ್ತಾಗುವುದು ಯಾವಾಗ ಅಂದರೆ ಯಂತ್ರ ಎಡವಿದಾಗ. ಒಂದು ಜಾಹೀರಾತು ಅರ್ಧ ಸೆಕೆಂಡ್ ಕಾಣಿಸಿ ಚಕ್ಕನೆ ಬೇರೆಯದಕ್ಕೆ ಹಾರುತ್ತದಲ್ಲ, ಅದೇ. ಚಾನೆಲ್ಲಿನವರು ಪ್ರಸಾರದ ಜೊತೆ ಒಂದು ಸಂಕೇತ ಕಳಿಸುತ್ತಾರೆ, ಅದು ಸಿಕ್ಕ ಕೂಡಲೇ ಕೇಬಲ್ ಕಂಪನಿಯ ಯಂತ್ರ ತನ್ನ ಜಾಹೀರಾತನ್ನು ಮೇಲೆ ಹೊದಿಸುತ್ತದೆ. ಹಿಂದೆ ಈ ಸಂಕೇತ ಫೋನಿನ ಗುಂಡಿ ಒತ್ತಿದಂಥ ಶಬ್ದವಾಗಿತ್ತು. ಹಳೆಯ ಕಾಲದ ನೋಡುಗರಿಗೆ ಬ್ರೇಕಿಗೆ ಮೊದಲು ಟೀವಿಯಲ್ಲಿ ಅದು ಕೇಳಿಸಿದ್ದೂ ಉಂಟು. ಈಗ ಡಿಜಿಟಲ್, ಕಿವಿಗೆ ಬೀಳುವುದಿಲ್ಲ.

ಆ ಸಮಯವನ್ನು ಕಂಪನಿ ಊರಿನ ಕಾರು ಡೀಲರ್‌ಗೆ, ದಂತವೈದ್ಯರಿಗೆ, ವಕೀಲರಿಗೆ ಮಾರುತ್ತದೆ. ಸ್ಪೆಕ್ಟ್ರಮ್ ರೀಚ್ ಅಂತ ಅದಕ್ಕೇ ಒಂದು ವಿಭಾಗ ಇದೆ. ಮಾರಾಟವಾಗದೆ ಉಳಿದದ್ದು ಮನೆಯ ಜಾಹೀರಾತಿಗೆ. ರಾತ್ರಿ ಎರಡು ಗಂಟೆಗೆ ಟೀವಿ ಹಾಕಿದರೆ ಬರೀ ಸ್ಪೆಕ್ಟ್ರಮ್ ಯಾಕೆ ಅನ್ನುವುದಕ್ಕೆ ಇದೇ ಕಾರಣ. ಚುನಾವಣೆ ವರ್ಷದ ಅಕ್ಟೋಬರ್‌ನಲ್ಲಿ ಗಮನಿಸಿ, ಆ ಜಾಗವನ್ನೆಲ್ಲ ಅಭ್ಯರ್ಥಿಗಳು ಹಿಡಿದಿರುತ್ತಾರೆ.

ಗಿರಾಕಿಗೇ ಯಾಕೆ ಮತ್ತೆ ಮಾರಬೇಕು ಅಂತ ಅನ್ನಿಸಬಹುದು. ಆ ಜಾಹೀರಾತಿನಲ್ಲಿ ಏನು ಮಾರುತ್ತಿದ್ದಾರೆ ಅಂತ ಒಮ್ಮೆ ಸರಿಯಾಗಿ ನೋಡಿ. ಬಹುಪಾಲು ಮೊಬೈಲ್. ಸ್ಪೆಕ್ಟ್ರಮ್ 2018ರಿಂದ ವೆರೈಜನ್ ನೆಟ್‌ವರ್ಕನ್ನು ಬಾಡಿಗೆಗೆ ಹಿಡಿದು ಮೊಬೈಲ್ ಸೇವೆ ಕೊಡುತ್ತಿದೆ. ಟೀವಿ, ಇಂಟರ್‌ನೆಟ್, ಮೊಬೈಲ್ ಮೂರೂ ಒಂದೇ ಬಿಲ್ಲಿಗೆ ಬಿದ್ದ ಮನೆ ಸುಲಭವಾಗಿ ಬಿಟ್ಟುಹೋಗುವುದಿಲ್ಲ. ಒಂದನ್ನು ಬಿಡಲು ಹೋದರೆ ಇನ್ನೊಂದರ ರಿಯಾಯಿತಿ ಹೋಗುತ್ತದೆ ಅನ್ನುವ ಗಂಟು ಇರುತ್ತದೆ. ನನ್ನನ್ನು ಕೇಳಿದರೆ ಕಂಪನಿಗೆ ಅತಿ ಹೆಚ್ಚು ಲಾಭದ ಜಾಹೀರಾತು ಇದೇ, ನೀವು ರಾಷ್ಟ್ರೀಯ ಪಂದ್ಯದಲ್ಲಿ ನೋಡುವ ಥಳುಕಿನದ್ದಲ್ಲ.

ಪ್ರಶ್ನೆ: ನಾನು ಕೇಬಲ್ ಬಿಟ್ಟು ಯೂಟ್ಯೂಬ್ ಟೀವಿ ಹಾಕಿಸಿದ್ದೇನೆ. ನಾನು ಯಾವ ಊರಿನಲ್ಲಿದ್ದೇನೆ ಅಂತ ಅವರಿಗೆ ಗೊತ್ತಿದ್ದೂ ನನ್ನ ಊರಿನಲ್ಲಿಲ್ಲದ ಕೇಬಲ್ ಕಂಪನಿಯ ಜಾಹೀರಾತು ಯಾಕೆ?

ಉತ್ತರ: ಅಲ್ಲಿಯೂ ಎರಡು ಬಗೆಯ ಸಮಯ ಇದೆ. ಕೇಬಲ್ ಕಂಪನಿಗೆ ಸಿಗುವಂಥ ಸ್ಥಳೀಯ ನಿಮಿಷಗಳು ಅಲ್ಲಿ ಗೂಗಲ್ ಕೈಯಲ್ಲಿರುತ್ತವೆ. ಅದರಲ್ಲಿ ನಿಮ್ಮ ಊರು ನೋಡಿಯೇ ಜಾಹೀರಾತು ಹಾಕಬಹುದು. ಉಳಿದದ್ದು ಚಾನೆಲ್ ಇಡೀ ದೇಶಕ್ಕೆ ಕಳಿಸುವ ಪ್ರಸಾರ. ತಂತಿಯಲ್ಲಿ ಬಂದರೂ ಡಿಶ್‌ನಲ್ಲಿ ಬಂದರೂ ಇಂಟರ್‌ನೆಟ್‌ನಲ್ಲಿ ಬಂದರೂ ಅದು ಸಾಮಾನ್ಯವಾಗಿ ಹಾಗೇ ಬರುತ್ತದೆ, ಯಾರೂ ನಡುವೆ ಕೈ ಹಾಕುವುದಿಲ್ಲ. ನಿಮಗೆ ಕಂಡದ್ದು ಅದರಲ್ಲಿ ಬಂದದ್ದು. ನೀವು ಕೇಬಲ್ ಬಿಟ್ಟವರು ಬೇರೆ, ಅಂಥವರನ್ನು ಇಂಟರ್‌ನೆಟ್ ಮಾರಾಟಕ್ಕೆ ಹಿಡಿಯಲೆಂದೇ ಆ ಸಮಯ ಕೊಂಡಿರುತ್ತಾರೆ. ತಪ್ಪಿದ್ದು ನಿಮ್ಮ ವಿಳಾಸ ಮಾತ್ರ.