ಸಣ್ಣ ಐಎಸ್‌ಪಿಗೆ (ಇಂಟರ್ನೆಟ್ ಸೇವೆ ಒದಗಿಸುವ ಸಂಸ್ಥೆಗೆ) 512 ಐಪಿ ವಿಳಾಸಗಳ ಮಿತಿ ಹಾಕಿದವರು ಯಾರು? ಆ ನಿಯಮ ರೂಪಿಸುವಲ್ಲಿ ನಮ್ಮಂಥವರಿಗೆ ದನಿ ಇದೆಯೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ನೀವು ಜಿಲ್ಲಾ ಕೇಂದ್ರವೊಂದರಲ್ಲಿ 'ಸಿ' ವರ್ಗದ ಪರವಾನಗಿ ಪಡೆದು ಬ್ರಾಡ್‌ಬ್ಯಾಂಡ್ ಸೇವೆ ನಡೆಸುತ್ತಿದ್ದೀರಿ, ನಾಲ್ಕು ಸಾವಿರದಷ್ಟು ಗ್ರಾಹಕರಿದ್ದಾರೆ, ಭಾರತದ ವಿಳಾಸ ನೋಂದಣಿ ಸಂಸ್ಥೆಯಾದ ಐರಿನ್‌ನಿಂದ ನಿಮಗೆ ದೊರೆತದ್ದು 512 ಐಪಿವಿ4 ವಿಳಾಸಗಳು (ಅಂತರ್ಜಾಲದಲ್ಲಿ ಉಪಕರಣಗಳನ್ನು ಗುರುತಿಸುವ ಹಳೆಯ ಮಾದರಿಯ ಸಂಖ್ಯೆಗಳು) ಮಾತ್ರ, ಇನ್ನಷ್ಟು ಕೇಳಿದರೆ ನೀತಿಯಲ್ಲಿ ಅವಕಾಶವಿಲ್ಲ ಎಂಬ ಉತ್ತರ ಬಂದಿದೆ. ಈ ನೀತಿಯನ್ನು ಮಾಡಿದವರು ಯಾರು, ದೆಹಲಿಯ ಸಚಿವಾಲಯವೋ, ಅಂತರ್ಜಾಲದ ಹೆಸರು ಮತ್ತು ವಿಳಾಸಗಳ ವ್ಯವಸ್ಥೆಯನ್ನು ಜಾಗತಿಕವಾಗಿ ನೋಡಿಕೊಳ್ಳುವ ಅಮೆರಿಕದ ಐಕ್ಯಾನ್ ಸಂಸ್ಥೆಯೋ, ಅದನ್ನು ಬದಲಾಯಿಸಲು ಯಾರ ಬಾಗಿಲು ತಟ್ಟಬೇಕು ಎಂದು ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ ನೆಟ್‌ವರ್ಕ್ ಎಂಜಿನಿಯರ್ ಆಗಿ ದುಡಿಯುತ್ತಿದ್ದು, ನಮ್ಮ ವಲಯದ ವಿಳಾಸ ನೀತಿಯ ಚರ್ಚೆಗಳನ್ನು ಹಲವು ವರ್ಷಗಳಿಂದ ಗಮನಿಸುತ್ತ ಬಂದಿರುವುದರಿಂದ ತಿಳಿದಷ್ಟನ್ನು ಬರೆಯುತ್ತೇನೆ.

ನೀವು ಹೆಸರಿಸಿದ ಇಬ್ಬರೂ ಈ ಮಿತಿಯನ್ನು ಹಾಕಿದವರಲ್ಲ. ಹಾಕಿದ್ದು ಏಷ್ಯಾ ಪೆಸಿಫಿಕ್ ವಲಯದ ನೆಟ್‌ವರ್ಕ್ ನಡೆಸುವವರೇ, ಎಲ್ಲರಿಗೂ ತೆರೆದಿರುವ ಸಭೆಯಲ್ಲಿ, ಮತದಾನವಿಲ್ಲದೆ, ಒಮ್ಮತದಿಂದ. ಆ ಪ್ರಕ್ರಿಯೆಯಲ್ಲಿ ನಿಮಗೂ ದನಿ ಇದೆ. ಆದರೆ ಅಲ್ಲಿಗೆ ಹೋಗಿ ಹೆಚ್ಚು ಐಪಿವಿ4 ವಿಳಾಸ ಕೊಡಿ ಎಂದು ಕೇಳುವುದರಲ್ಲಿ ಫಲವಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ವ್ಯವಸ್ಥೆಯ ಮೆಟ್ಟಿಲುಗಳನ್ನು ನೋಡೋಣ. ಇಡೀ ಜಗತ್ತಿನ ವಿಳಾಸಗಳ ಮೂಲ ಭಂಡಾರ ಅಯಾನಾ ಎಂಬ ವ್ಯವಸ್ಥೆಯ ಬಳಿ ಇದೆ, ಅದನ್ನು ಈಗ ಐಕ್ಯಾನ್‌ನ ಆಶ್ರಯದಲ್ಲಿ ನಡೆಸಲಾಗುತ್ತಿದೆ. ಅಲ್ಲಿಂದ ದೊಡ್ಡ ದೊಡ್ಡ ಭಾಗಗಳು ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿಗೆ ಬರುತ್ತವೆ: ಯುರೋಪು ಮತ್ತು ಮಧ್ಯಪ್ರಾಚ್ಯಕ್ಕೆ ರೈಪ್ ಎನ್‌ಸಿಸಿ, ಉತ್ತರ ಅಮೆರಿಕಕ್ಕೆ ಅರಿನ್, ಲ್ಯಾಟಿನ್ ಅಮೆರಿಕಕ್ಕೆ ಲ್ಯಾಕ್‌ನಿಕ್, ಆಫ್ರಿಕಕ್ಕೆ ಆಫ್ರಿನಿಕ್, ನಮ್ಮ ಏಷ್ಯಾ ಪೆಸಿಫಿಕ್ ವಲಯಕ್ಕೆ ಎಪಿನಿಕ್. ಎಪಿನಿಕ್ 1993ರಲ್ಲಿ ಟೋಕಿಯೊದಲ್ಲಿ ಪ್ರಾಯೋಗಿಕ ಯೋಜನೆಯಾಗಿ ಆರಂಭವಾಗಿ, 1998ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ಸ್ಥಳಾಂತರಗೊಂಡಿತು. ಅದರ ವ್ಯಾಪ್ತಿ 56 ಆರ್ಥಿಕತೆಗಳು (ದೇಶಗಳು ಮತ್ತು ಪ್ರದೇಶಗಳು); ಅಫ್ಘಾನಿಸ್ತಾನದಿಂದ ಹಿಡಿದು ಪೆಸಿಫಿಕ್ ಸಾಗರದ ಪುಟ್ಟ ದ್ವೀಪಗಳವರೆಗೆ. ಇವುಗಳ ಪೈಕಿ ಏಳು ಕಡೆ ರಾಷ್ಟ್ರಮಟ್ಟದ ನೋಂದಣಿ ಸಂಸ್ಥೆಗಳಿವೆ. ಭಾರತದಲ್ಲಿ 2012ರಿಂದ ಆ ಕೆಲಸ ಮಾಡುತ್ತಿರುವುದು ದೇಶದ ಇಂಟರ್ನೆಟ್ ವಿನಿಮಯ ಕೇಂದ್ರಗಳನ್ನು ನಡೆಸುವ ನಿಕ್ಸಿ ಸಂಸ್ಥೆಯ ಅಂಗವಾದ ಐರಿನ್. ಅರ್ಜಿ ಪರಿಶೀಲಿಸುವುದು, ಶುಲ್ಕ ಪಡೆಯುವುದು, ವಿಳಾಸ ಹಂಚಿಕೆ ಮಾಡುವುದು ಐರಿನ್‌ನ ಕೆಲಸ. ಆದರೆ ಎಷ್ಟು ಕೊಡಬಹುದು ಎಂಬ ಮಿತಿ ಎಪಿನಿಕ್‌ನ ನೀತಿಯಿಂದ ಬರುತ್ತದೆ. ಆದ್ದರಿಂದ ನಿಮ್ಮ ಅರ್ಜಿಗೆ ಇಲ್ಲ ಎಂದ ಅಧಿಕಾರಿಯನ್ನು ದೂರುವಂತಿಲ್ಲ. ಅವರ ಕೈಯಲ್ಲಿ ಅಷ್ಟು ಅಧಿಕಾರವೇ ಇಲ್ಲ.

512ರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ವಲಯ ನೀತಿ ಹೇಗೆ ರೂಪುಗೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಐಪಿವಿ4ನಲ್ಲಿ ಒಟ್ಟಾರೆ ಇರುವುದು ಸುಮಾರು 429 ಕೋಟಿ ವಿಳಾಸಗಳು, ಮತ್ತು ಅವು ಮುಗಿಯುತ್ತವೆ ಎಂಬುದು ಬಹಳ ಹಿಂದೆಯೇ ಎಲ್ಲರಿಗೂ ಗೊತ್ತಿತ್ತು. ಮುಗಿಯುವ ಹೊತ್ತಿಗೆ ಏನು ಮಾಡಬೇಕು ಎಂಬ ಚರ್ಚೆ ನಮ್ಮ ವಲಯದಲ್ಲಿ ಮುಂಚಿತವಾಗಿಯೇ ನಡೆಯಿತು. 2008ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಸಭೆಯಲ್ಲಿ ಒಮ್ಮತ ಪಡೆದ 62ನೆಯ ಸಂಖ್ಯೆಯ ಪ್ರಸ್ತಾವವು, ಎಪಿನಿಕ್‌ಗೆ ಬರಲಿರುವ ಕಟ್ಟಕಡೆಯ /8 ಭಾಗವನ್ನು (ಗೆರೆಯ ನಂತರದ ಸಂಖ್ಯೆ ದೊಡ್ಡದಾದಷ್ಟೂ ಭಾಗ ಚಿಕ್ಕದು), ಅಂದರೆ ಸುಮಾರು 1.67 ಕೋಟಿ ವಿಳಾಸಗಳನ್ನು, ಬೇಡಿಕೆಗೆ ತಕ್ಕಂತೆ ಹಂಚದೆ, ದೊಡ್ಡವರಿರಲಿ ಸಣ್ಣವರಿರಲಿ ಪ್ರತಿಯೊಬ್ಬರಿಗೂ ಒಂದೇ ಸಣ್ಣ ತುಂಡು ಕೊಡಬೇಕು ಎಂದು ಹೇಳಿತು. ಆ ತುಂಡು /22, ಅಂದರೆ 1,024 ವಿಳಾಸಗಳು. ಮುಂದೆ ಕಾಣದ ಅಗತ್ಯಗಳಿಗೆಂದು ಒಂದು /16 ಭಾಗವನ್ನು ಬದಿಗಿರಿಸಲಾಯಿತು.

2011ರ ಫೆಬ್ರುವರಿ 3ರಂದು ಅಯಾನಾದ ಭಂಡಾರ ಬರಿದಾಯಿತು. ಉಳಿದಿದ್ದ ಐದು /8 ಭಾಗಗಳನ್ನು ಐದು ವಲಯಗಳಿಗೆ ಒಂದೊಂದರಂತೆ ಕೊಟ್ಟು ಮುಗಿಸಲಾಯಿತು. ನಮ್ಮ ಪಾಲಿಗೆ ಬಂದದ್ದು 103ರಿಂದ ಆರಂಭವಾಗುವ ಭಾಗ. ಚೀನಾ, ಭಾರತ, ಇಂಡೊನೇಷ್ಯಾಗಳ ಬೇಡಿಕೆ ಆಗ ಎಷ್ಟು ತೀವ್ರವಾಗಿತ್ತೆಂದರೆ, ಎರಡೂವರೆ ತಿಂಗಳೂ ತುಂಬುವ ಮೊದಲೇ, ಏಪ್ರಿಲ್ 15ರಂದು, ಎಪಿನಿಕ್ ಆ ಕೊನೆಯ ಭಾಗಕ್ಕೆ ಕೈ ಹಾಕಬೇಕಾಯಿತು. ಐದು ವಲಯಗಳ ಪೈಕಿ ಆ ಹಂತ ತಲುಪಿದ ಮೊದಲ ವಲಯ ನಮ್ಮದು. ಇಂದು ಸಣ್ಣ ಐಎಸ್‌ಪಿಗಳ ರೌಟರ್‌ಗಳಲ್ಲಿ 103ರಿಂದ ಶುರುವಾಗುವ ವಿಳಾಸಗಳೇ ಹೆಚ್ಚಾಗಿ ಕಾಣುವುದಕ್ಕೆ ಇದೇ ಕಾರಣ. ನಿಮ್ಮ ವಿಳಾಸಗಳೂ ಬಹುಶಃ ಹಾಗೆಯೇ ಇರುತ್ತವೆ.

ಲೆಕ್ಕ ಹಾಕಿದರೆ ಒಂದು /8ರಲ್ಲಿ 16,384 /22 ತುಂಡುಗಳಾಗುತ್ತವೆ. ಹೊಸ ಸಂಸ್ಥೆಗಳು ಬರುತ್ತಲೇ ಇದ್ದವು. ಅದರ ಜೊತೆಗೆ ಇನ್ನೊಂದು ಪಿಡುಗು ಕಾಣಿಸಿಕೊಂಡಿತು: ವಿಳಾಸಗಳ ಮಾರುಕಟ್ಟೆ ಬೆಲೆ ಏರುತ್ತಿದ್ದಂತೆ, ನೆಟ್‌ವರ್ಕ್ ನಡೆಸುವ ಉದ್ದೇಶವೇ ಇಲ್ಲದೆ ತುಂಡು ಪಡೆದು ಮಾರಿಬಿಡುವ ಚಾಳಿ. ಅದಕ್ಕೆ ತಡೆಯಾಗಿ 2017ರಲ್ಲಿ 116ನೆಯ ಪ್ರಸ್ತಾವದ ಮೂಲಕ, 103ರ ಭಾಗದ ವಿಳಾಸಗಳನ್ನು ಪಡೆದ ದಿನದಿಂದ ಐದು ವರ್ಷ ಬೇರೆಯವರಿಗೆ ವರ್ಗಾಯಿಸುವಂತಿಲ್ಲ ಎಂಬ ನಿಯಮ ಬಂತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ನ್ಯೂ ಕ್ಯಾಲಿಡೋನಿಯಾದ ನೂಮಿಯಾ ನಗರದಲ್ಲಿ ನಡೆದ ಸಭೆಯಲ್ಲಿ 127ನೆಯ ಪ್ರಸ್ತಾವ ಒಮ್ಮತ ಪಡೆದು, 2019ರ ಫೆಬ್ರುವರಿ 28ರಿಂದ ಗರಿಷ್ಠ ಮಿತಿ /23ಕ್ಕೆ, ಅಂದರೆ ನಿಮ್ಮ 512ಕ್ಕೆ ಇಳಿಯಿತು.

ನಾಲ್ಕು ಸಾವಿರ ಮನೆಗಳಿಗೆ 512 ವಿಳಾಸವೆಂದರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದು ನಿಮಗೆ ಅನ್ನಿಸುವುದು ಸಹಜ. ಆದರೆ ಆ ನೀತಿ ಮಾಡಿದವರ ಕಣ್ಣ ಮುಂದೆ ಇದ್ದದ್ದು ಇಂದಿನ ಗ್ರಾಹಕರ ಸಂಖ್ಯೆಯಲ್ಲ, ಮುಂದಿನ ಹಲವು ವರ್ಷಗಳಲ್ಲಿ ಹೊಸದಾಗಿ ಉದ್ಯಮ ಆರಂಭಿಸುವವರು. ವಿಳಾಸಗಳ ಕೊರತೆಯಿಲ್ಲದ ಹೊಸ ಮಾದರಿಯಾದ ಐಪಿವಿ6ನಲ್ಲೇ ನೆಟ್‌ವರ್ಕ್ ಕಟ್ಟಿದರೂ ಹಳೆಯ ಜಗತ್ತಿನೊಡನೆ ಮಾತಾಡಲು ಕೆಲವಾದರೂ ಐಪಿವಿ4 ವಿಳಾಸ ಬೇಕೇ ಬೇಕು. ಅದನ್ನು ಹೊಸಬರು ದಲ್ಲಾಳಿಗಳಿಂದ ದುಬಾರಿ ಬೆಲೆಗೆ ಕೊಳ್ಳುವಂತಾಗಬಾರದು ಎಂಬುದು ಆ ವಾದದ ತಿರುಳು. ನನ್ನ ಮಟ್ಟಿಗೆ ಈ ವಾದ ಸರಿಯಾದದ್ದೇ. ಇಂಥ ಬಿಗಿ ಮಿತಿಯಿಲ್ಲದ ಅರಿನ್‌ನ ಮುಕ್ತ ಭಂಡಾರ 2015ರ ಸೆಪ್ಟೆಂಬರ್‌ನಲ್ಲೇ ಖಾಲಿಯಾಯಿತು. ಯುರೋಪಿನ ರೈಪ್ ಕೂಡ ಕೊನೆಯ /8ರಿಂದ ತಲಾ ಒಂದು /22 ಕೊಡುತ್ತ ಬಂದು 2019ರ ನವೆಂಬರ್‌ನಲ್ಲಿ ಬರಿಗೈಯಾಯಿತು. ಅಲ್ಲಿ ಹೊಸಬರು ಈಗ ಒಂದು /24ಕ್ಕಾಗಿ, ಅಂದರೆ 256 ವಿಳಾಸಗಳಿಗಾಗಿ, ಸರದಿಯಲ್ಲಿ ಕಾಯುತ್ತಾರೆ. ನಮ್ಮಲ್ಲಿ ಹೊಸ ಅರ್ಜಿದಾರರಿಗೆ /23 ಸಿಗುವುದು ಮುಂದುವರಿಯಲು ಆ ಮಿತಿಯೇ ಕಾರಣ. ನೀವು 2019ರ ನಂತರ ಅರ್ಜಿ ಹಾಕಿದವರಾದರೆ, ನಿಮಗೆ 512 ಸಿಕ್ಕಿದ್ದೂ ಈ ಮಿತಿಯ ದೆಸೆಯಿಂದಲೇ.

ಇನ್ನು ಪ್ರಕ್ರಿಯೆಯ ವಿಚಾರ. ಎಪಿನಿಕ್‌ನ ನೀತಿ ಬದಲಾಯಿಸಬೇಕೆಂಬ ಪ್ರಸ್ತಾವವನ್ನು ಯಾರು ಬೇಕಾದರೂ ಸಲ್ಲಿಸಬಹುದು. ಸದಸ್ಯತ್ವ ಬೇಕಿಲ್ಲ, ಶುಲ್ಕವಿಲ್ಲ. ನಿಗದಿತ ನಮೂನೆಯಲ್ಲಿ ಸಮಸ್ಯೆ ಏನು, ಬದಲಾವಣೆಯ ಉದ್ದೇಶವೇನು, ಉಳಿದ ನಾಲ್ಕು ವಲಯಗಳಲ್ಲಿ ಸ್ಥಿತಿ ಹೇಗಿದೆ, ಪರಿಹಾರದ ಪಠ್ಯವೇನು, ಅನುಕೂಲ ಮತ್ತು ಅನನುಕೂಲಗಳೇನು, ಈಗಾಗಲೇ ವಿಳಾಸ ಹೊಂದಿರುವವರ ಮೇಲೆ ಪರಿಣಾಮವೇನು ಎಂದು ಬರೆಯಬೇಕು. ಸಭೆಗೆ ಕನಿಷ್ಠ ನಾಲ್ಕು ವಾರ ಮೊದಲು ಅದು ಇ-ಮೇಲ್ ಪಟ್ಟಿಯಲ್ಲಿ ಎಲ್ಲರ ಮುಂದೆ ಬರುತ್ತದೆ, ಅಲ್ಲಿ ಚರ್ಚೆ ಆರಂಭವಾಗುತ್ತದೆ. ಸಭೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ: ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ ಒಮ್ಮೆ, ಸೆಪ್ಟೆಂಬರ್ ಸುಮಾರಿಗೆ ಇನ್ನೊಮ್ಮೆ, ಪ್ರತಿ ಬಾರಿ ವಲಯದ ಬೇರೆ ಬೇರೆ ಊರಿನಲ್ಲಿ. 2012ರಲ್ಲಿ ಅದು ನವದೆಹಲಿಯಲ್ಲಿ ನಡೆದಿತ್ತು.

ಸಭೆಯಲ್ಲಿ ಪ್ರಸ್ತಾವ ತಂದವರು ಅದನ್ನು ಮಂಡಿಸುತ್ತಾರೆ. ಆಮೇಲೆ ಮೈಕಿನ ಮುಂದೆ ಸಾಲು. ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಸಂಸ್ಥೆ ಹೇಳಿ ಮಾತು ಆರಂಭಿಸುತ್ತಾರೆ, ಆಡಿದ ಮಾತು ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತ ಹೋಗುತ್ತದೆ. ಕೊನೆಗೆ ಅಧ್ಯಕ್ಷರು ಬೆಂಬಲಿಸುವವರು ಯಾರು, ವಿರೋಧಿಸುವವರು ಯಾರು ಎಂದು ಕೇಳುತ್ತಾರೆ. ದೂರದಿಂದ ಭಾಗವಹಿಸುವವರು ಬಲವಾದ ಬೆಂಬಲ, ಬೆಂಬಲ, ತಟಸ್ಥ, ವಿರೋಧ, ಬಲವಾದ ವಿರೋಧ ಎಂಬ ಐದರಲ್ಲಿ ಒಂದನ್ನು ಆನ್‌ಲೈನ್‌ನಲ್ಲೇ ಒತ್ತುತ್ತಾರೆ. ಹೊಸಬರು ಇದನ್ನು ಮತ ಎಣಿಕೆ ಎಂದು ತಿಳಿಯುವುದುಂಟು, ಆದರೆ ಇದು ಹಾಗಲ್ಲ. ಎಣಿಕೆಗಿಂತ ಮುಖ್ಯವಾದದ್ದು ವಿರೋಧಕ್ಕೆ ಕೊಟ್ಟ ಕಾರಣದ ತೂಕ. ಬೆಂಬಲಿಸುವವರು ಬಹಳ ಜನರಿದ್ದರೂ, ಒಬ್ಬರು ಎತ್ತಿದ ಗಂಭೀರ ತೊಡಕಿಗೆ ಯಾರ ಬಳಿಯೂ ಉತ್ತರವಿಲ್ಲದಿದ್ದರೆ ಅಧ್ಯಕ್ಷರು ಒಮ್ಮತವಾಗಿಲ್ಲ ಎಂದು ಘೋಷಿಸಬಹುದು. ಆಗ ಪ್ರಸ್ತಾವ ತಿದ್ದುಪಡಿಯಾಗಿ ಮುಂದಿನ ಸಭೆಗೆ ಹೊಸ ಆವೃತ್ತಿಯಲ್ಲಿ ಬರುತ್ತದೆ. ಒಮ್ಮತವಾದರೆ ಸದಸ್ಯರ ಸಭೆಯ ಮುಂದಿಟ್ಟು, ಮತ್ತೆ ನಾಲ್ಕು ವಾರ ಆಕ್ಷೇಪಣೆಗೆ ಅವಕಾಶ ಕೊಟ್ಟು, ಕಾರ್ಯಕಾರಿ ಮಂಡಳಿಯ ಅನುಮೋದನೆ ಪಡೆದು ಜಾರಿಗೆ ತರುತ್ತಾರೆ.

ಇಲ್ಲಿ ನಿಮಗೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಕಾರ್ಯಕಾರಿ ಮಂಡಳಿಯ ಚುನಾವಣೆಯಲ್ಲಿ ಸದಸ್ಯರ ಮತಗಳು ಅವರ ಬಳಿ ಇರುವ ವಿಳಾಸಗಳ ಗಾತ್ರಕ್ಕೆ ತಕ್ಕಂತೆ 1ರಿಂದ 64ರವರೆಗೆ ಇರುತ್ತವೆ. ಐರಿನ್ ಮೂಲಕ ಬಂದ ನಮ್ಮಂಥವರು ಎಪಿನಿಕ್‌ನ ನೇರ ಸದಸ್ಯರಲ್ಲವಾದ್ದರಿಂದ ಅಲ್ಲಿ ನಮಗೆ ನೇರ ಮತವಿಲ್ಲ. ಶುಲ್ಕ ನಿಗದಿಯಂಥ ವಿಚಾರಗಳು ಆ ಮಂಡಳಿಯ ಕೈಯಲ್ಲಿವೆ. ಆದರೆ ವಿಳಾಸ ನೀತಿಯ ಚರ್ಚೆಯಲ್ಲಿ ಈ ಮೇಲು ಕೀಳು ಇಲ್ಲ. ದೇಶವ್ಯಾಪಿ ಮೊಬೈಲ್ ಕಂಪನಿಯ ಪ್ರತಿನಿಧಿ ಮತ್ತು ನೀವು ಒಂದೇ ಸಾಲಿನಲ್ಲಿ ನಿಲ್ಲುತ್ತೀರಿ.

ಕಾಗದದ ಮೇಲೆ ಬಾಗಿಲು ತೆರೆದಿರುವುದಕ್ಕೂ ಒಳಗೆ ಜನ ಬರುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನೂ ಹೇಳಬೇಕು. ಚರ್ಚೆಯೆಲ್ಲ ಇಂಗ್ಲಿಷಿನಲ್ಲಿ, ಸಭೆಗಳು ಬಹುಪಾಲು ಪರದೇಶದಲ್ಲಿ, ಫೈಬರ್ ತುಂಡಾದರೆ ಸ್ವತಃ ಕಂಬ ಹತ್ತಬೇಕಾದ ಆಪರೇಟರ್‌ಗೆ ಪ್ರಸ್ತಾವದ ನಾಲ್ಕನೆಯ ಆವೃತ್ತಿ ಓದಲು ಪುರುಸೊತ್ತು ಎಲ್ಲಿದೆ? ಹೀಗಾಗಿ ಪರಿಚಿತ ಮುಖಗಳೇ ಮತ್ತೆ ಮತ್ತೆ ಮಾತಾಡುತ್ತವೆ. ಎಪಿನಿಕ್ ಪ್ರಯಾಣ ಭತ್ಯೆಯ ಫೆಲೋಶಿಪ್ ಕೊಡುತ್ತದೆ, ಆನ್‌ಲೈನ್ ಭಾಗವಹಿಸುವಿಕೆ ಉಚಿತ. ಆದರೂ ಜಿಲ್ಲಾ ಮಟ್ಟದ ಐಎಸ್‌ಪಿಗಳ ದನಿ ಅಲ್ಲಿ ತೀರಾ ವಿರಳ ಎಂಬುದು ನನ್ನ ಗಮನಕ್ಕೆ ಬಂದ ಸಂಗತಿ. ನೀವು ಬಂದರೆ ಸಂತೋಷ.

ಬಂದು ಏನು ಕೇಳಬೇಕು? ಇರುವ ಮಿತಿಯನ್ನು ಮತ್ತೆ 1,024ಕ್ಕೆ ಏರಿಸಿ ಎಂದರೆ, ನಾಳೆ ಬರುವವನಿಗೆ ಏನು ಕೊಡುತ್ತೀರಿ ಎಂಬ ಮೊದಲ ಪ್ರಶ್ನೆಗೇ ಉತ್ತರವಿರುವುದಿಲ್ಲ. ಆದರೆ ನೀತಿ ಎಂದರೆ ಬರೀ ಪ್ರಮಾಣವಲ್ಲ. 2019ರಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್ ಸಭೆಯಲ್ಲಿ ಒಪ್ಪಿಗೆಯಾದ 132ನೆಯ ಪ್ರಸ್ತಾವವನ್ನೇ ನೋಡಿ. ಎಪಿನಿಕ್ ಯಾರಿಗೂ ಕೊಡದೆ ಇಟ್ಟುಕೊಂಡ ವಿಳಾಸಗಳನ್ನು ಕಿಡಿಗೇಡಿಗಳು ತಮ್ಮದೆಂಬಂತೆ ಜಗತ್ತಿಗೆ ಘೋಷಿಸಿ ಸ್ಪ್ಯಾಮ್‌ಗೆ ಬಳಸಬಹುದಿತ್ತು. ಅಂಥ ವಿಳಾಸಗಳಿಗೆ ಎಪಿನಿಕ್ ತಾನೇ ಡಿಜಿಟಲ್ ಸಹಿಯೊಂದಿಗೆ ಸೊನ್ನೆ ಎಎಸ್ ಸಂಖ್ಯೆಯ (ಎಎಸ್ ಸಂಖ್ಯೆ ಎಂದರೆ ಒಂದೊಂದು ನೆಟ್‌ವರ್ಕನ್ನು ಗುರುತಿಸುವ ಸಂಖ್ಯೆ) ದಾಖಲೆ ಹೊರಡಿಸಬೇಕು ಎಂದು ಆ ಪ್ರಸ್ತಾವ ಹೇಳಿತು. ಆ ಸಂಖ್ಯೆಯಿಂದ ಯಾವ ನೆಟ್‌ವರ್ಕೂ ಘೋಷಣೆ ಮಾಡಲಾಗದಾದ್ದರಿಂದ, ದಾಖಲೆಯನ್ನು ಪರಿಶೀಲಿಸುವ ರೌಟರ್‌ಗಳು ಅಂಥ ಘೋಷಣೆಯನ್ನು ತಿರಸ್ಕರಿಸಬಹುದು. ಅರ್ಜಿಯ ಜೊತೆ ಕೇಳುವ ದಾಖಲೆಗಳು, ವರ್ಗಾವಣೆಯ ಷರತ್ತು, ವಿಳಾಸ ಬಾಡಿಗೆಗೆ ಕೊಡುವುದು ಸರಿಯೇ ಎಂಬ ಬಿಸಿ ಚರ್ಚೆ, ದೂರು ಸ್ವೀಕರಿಸುವ ಇ-ಮೇಲ್ ವಿಳಾಸ ಸರಿಯಾಗಿದೆಯೇ ಎಂಬ ತಪಾಸಣೆ, ಇವೆಲ್ಲ ನಿಮ್ಮ ದಿನನಿತ್ಯದ ಅನುಭವಕ್ಕೆ ಬೆಲೆ ಇರುವ ವಿಷಯಗಳು.

ಅಂದ ಹಾಗೆ, ಈ ವ್ಯವಸ್ಥೆ ತಾನಾಗಿಯೇ ಸುಸೂತ್ರವಾಗಿ ನಡೆಯುತ್ತದೆ ಎಂದೇನೂ ಇಲ್ಲ. ಆಫ್ರಿಕ ವಲಯದ ನೋಂದಣಿ ಸಂಸ್ಥೆಯು ಹಂಚಿದ ವಿಳಾಸಗಳ ಬಳಕೆಯ ವಿವಾದದಲ್ಲಿ ಸಿಲುಕಿ, ಮಾರಿಷಸ್ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆದು, 2023ರಲ್ಲಿ ಸಂಸ್ಥೆಯ ಆಡಳಿತ ನೋಡಿಕೊಳ್ಳಲು ನ್ಯಾಯಾಲಯವೇ ರಿಸೀವರ್ ನೇಮಿಸುವ ಹಂತ ತಲುಪಿತು.

ನಿಮ್ಮ ತಕ್ಷಣದ ಕಷ್ಟಕ್ಕೆ ಬರುವುದಾದರೆ, ಮೊದಲು ಐರಿನ್‌ಗೆ ಐಪಿವಿ6 ಅರ್ಜಿ ಹಾಕಿ, ಈಗಾಗಲೇ ಹಾಕಿರದಿದ್ದರೆ. ಐಪಿವಿ4 ವಿಳಾಸ ಹೊಂದಿರುವವರಿಗೆ ಐಪಿವಿ6 ಪಡೆಯುವ ದಾರಿಯನ್ನು ವಲಯ ನೀತಿ ಬಹಳ ಹಿಂದೆಯೇ ಸರಳಗೊಳಿಸಿದೆ. ಸಿಗುವ /32 ಭಾಗದಲ್ಲಿ ಮನೆಗೊಂದು /56 ಕೊಟ್ಟರೂ 1.67 ಕೋಟಿ ಮನೆಗಳಿಗೆ ಸಾಕಾಗುತ್ತದೆ. ಜಿಯೋ 2016ರಲ್ಲಿ ಐಪಿವಿ6 ಇಟ್ಟುಕೊಂಡೇ ಸೇವೆ ಆರಂಭಿಸಿದ್ದರಿಂದ ಗ್ರಾಹಕರ ಮೊಬೈಲ್‌ಗಳು ಹೇಗೂ ಅದಕ್ಕೆ ಒಗ್ಗಿವೆ. ಯೂಟ್ಯೂಬ್, ಫೇಸ್‌ಬುಕ್, ನೆಟ್‌ಫ್ಲಿಕ್ಸ್‌ಗಳ ದಟ್ಟಣೆ ಅತ್ತ ಸರಿದರೆ ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ನ್ಯಾಟ್ ಪೆಟ್ಟಿಗೆಯ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ. ಉಳಿದದ್ದಕ್ಕೆ, 512ರಲ್ಲಿ ಅರ್ಧವನ್ನು ಸರ್ವರ್‌ಗಳಿಗೂ ಸ್ಥಿರ ಐಪಿ ಕೇಳುವ ಕಚೇರಿಗಳಿಗೂ ಮೀಸಲಿಟ್ಟು, 256ನ್ನು ನ್ಯಾಟ್‌ಗೆ ಬಳಸಿದರೆ ವಿಳಾಸಕ್ಕೆ ಸುಮಾರು 16 ಗ್ರಾಹಕರಾಗುತ್ತಾರೆ. ಒಂದು ವಿಳಾಸದ ಮೇಲಿನ ಸಂಪರ್ಕಗಳನ್ನು ಬೇರ್ಪಡಿಸುವ ಪೋರ್ಟ್ ಎಂಬ ಸಂಖ್ಯೆಗಳಲ್ಲಿ ಮೊದಲ 1,024ನ್ನು ಬಿಟ್ಟು ಉಳಿದದ್ದನ್ನು ಹಂಚಿದರೆ ತಲಾ 4,032 ಪೋರ್ಟ್ ಬರುತ್ತವೆ. ಮನೆಬಳಕೆಗೆ ಇದು ಧಾರಾಳ. ಯಾವ ಗ್ರಾಹಕನಿಗೆ ಯಾವ ಪೋರ್ಟ್ ಸಾಲು ಎಂಬುದನ್ನು ಮೊದಲೇ ಸ್ಥಿರವಾಗಿ ನಿಗದಿಪಡಿಸಿ. ಪೊಲೀಸರು ಒಂದು ವಿಳಾಸ ಮತ್ತು ಸಮಯ ಕೊಟ್ಟು ಗ್ರಾಹಕರ ವಿವರ ಕೇಳಿದಾಗ, ಪೋರ್ಟ್ ಸಂಖ್ಯೆಯನ್ನೂ ಕೊಡಿ ಎಂದು ಕೇಳಿ ಪಡೆದರೆ, ರಾಶಿ ಲಾಗ್ ಹುಡುಕದೆ ಒಂದು ಕೋಷ್ಟಕ ನೋಡಿ ಉತ್ತರಿಸಬಹುದು.